ತಂತಿಗೆ ಚುಚ್ಚಿಟ್ಟ ಚೂರುಗಳು

ಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ಯಜಮಾನರು ಸೈನ್ಯಕ್ಕೆ ಸೇರಿ ದೂರ ಹೋಗಿದ್ದರು. ಡೆಂಕಣಿಕೋಟೆ ಹತ್ತಿರದ ನಮ್ಮ ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ, ಅದೂ ನಾಲ್ಕನೇ ಕ್ಲಾಸು. ಅವರಿಗೆ ಕಾರ್ಡು ಬರೆಯುವ ಕೆಲಸ ನನ್ನದು. ‘ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದರೆ ಮುಗಿಯಿತು. ಪ್ರತಿ ಸಲವೂ ಅದೇ.

ಒಂದು ದಿನ ಅವರ ಜೊತೆಯವರು ಬರೆದ ಕಾಗದ ಬಂತು. ಕಾಲಿಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದಾರೆ, ಗಾಯ ಮಾಯುತ್ತಿದೆ, ಆದರೆ ಊಟ ಮುಟ್ಟುವುದಿಲ್ಲ, ಯಾರೊಡನೆಯೂ ಮಾತಿಲ್ಲ, ಮನೆಯ ಸುದ್ದಿ ಬರೆಯಿರಿ ಎಂದಿತ್ತು.

ಬರೆಯಲು ಕೂತೆ. ದಿನವಿಡೀ ಕಣ್ಣೆದುರಿಗೆ ಇದ್ದದ್ದು ಕೂತಾಗ ಒಂದೂ ನೆನಪಿಗೆ ಬರಲಿಲ್ಲ! ಮಾರನೆಯ ದಿನದಿಂದ ಪೆನ್ಸಿಲ್ ತುಂಡನ್ನು ತುರುಬಿಗೆ ಸಿಕ್ಕಿಸಿಕೊಂಡೆ. ಕಂಡದ್ದನ್ನು ಕಂಡಲ್ಲೇ, ಬೆಲ್ಲದ ಪೊಟ್ಟಣದ ಕಾಗದ ಹರಿದು, ಒಂದು ಸಾಲು. ಒಂದು ಚೂರಿಗೆ ಒಂದೇ ಸಂಗತಿ. ‘ಚೆನ್ನಾಗಿದೆ’ ಅನ್ನಬಾರದು, ಹೇಗಿದೆ ಅಂತ ಬರೆಯಬೇಕು. ಈ ಕಟ್ಟುಪಾಡು ನಾನೇ ಮಾಡಿಕೊಂಡದ್ದು. ಚೂರುಗಳನ್ನು ಬಾಗಿಲ ಹಿಂದಿನ ತಂತಿಗೆ ಚುಚ್ಚಿಡುತ್ತಿದ್ದೆ.

ಅತ್ತೆ ನಕ್ಕರು. “ಹಸ ಸಗಣಿ ಹಾಕಿದ್ದೂ ಬರ್ಕತೀಯೇನೇ?”

“ಹೂಂ ಅತ್ತೆ, ನೀವು ನಕ್ಕಿದ್ದೂ ಬರ್ಕತೀನಿ.”

ಮೂರನೇ ದಿನ ಅವರೇ ಹಿತ್ತಲ ಹೊಲದಿಂದ ಕೂಗಿಕೊಂಡು ಬಂದರು. “ಬರ್ಕಳ್ಳೇ! ಆನೆ ರಾಗಿ ತುಳ್ದು ಹೋಗ್ಬುಟ್ಟದಲ್ಲ, ಅದರ ಹೆಜ್ಜೇಲಿ ಮಳೆ ನೀರು ನಿಂತದೆ. ನಮ್ ಕೋಳಿ ಮರಿಗಳೆಲ್ಲ ಸುತ್ತಾ ನಿಂತ್ಕಂಡು ಕುಡೀತಾವೆ!”

ಎಂಟು ದಿನಕ್ಕೆ ತಂತಿ ತುಂಬಿತು. ಎಲ್ಲ ಬಿಚ್ಚಿ ಜಗಲಿಯ ಮೇಲೆ ಹರವಿ, ಹಿಂದುಮುಂದು ಮಾಡಿ ನೋಡಿದೆ. ಮೊದಲು ಆನೆ ಹೆಜ್ಜೆ, ಆಮೇಲೆ ಆ ವಾರವೇ ಹರಕು ಕಿವಿಯ ಹಸು ಹಾಕಿದ ಕರು, ಕೊನೆಗೆ ಯಜಮಾನರು ನೆಟ್ಟ ನೇರಳೆ ಗಿಡ ನನ್ನ ಭುಜ ಮುಟ್ಟಿದ್ದು. ಹೀಗೆ ಜೋಡಿಸಿಟ್ಟ ಮೇಲೆ ಕೈಗೆ ತಡೆಯೇ ಇರಲಿಲ್ಲ. ಈಗಲೂ ನಾನು ಬರೆಯುವುದು ಹಾಗೆಯೇ. ಅವರಿಗೆ ಅಂಚೆಗೆ ಹಾಕಿದ ಆ ಕಾಗದದಲ್ಲಿ ಕ್ಷೇಮ ಅನ್ನುವ ಮಾತೇ ಇರಲಿಲ್ಲ.

ಒಂದು ತಿಂಗಳ ಮೇಲೆ ಉತ್ತರ ಬಂತು. ಅವರದೇ ಅಕ್ಷರ! ಅತ್ತೆಗೆ ಗಟ್ಟಿಯಾಗಿ ಓದಿದೆ. ನನ್ನ ಕಾಗದವನ್ನು ಪಕ್ಕದ ಮಂಚಗಳವರಿಗೆಲ್ಲ ಓದಿ ಹೇಳಿದರಂತೆ, ಒಬ್ಬರಿಗೆ ತಮಿಳಿನಲ್ಲಿ, ಇನ್ನೊಬ್ಬರಿಗೆ ತೆಲುಗಿನಲ್ಲಿ. ಅವತ್ತು ತಟ್ಟೆಗೆ ಹಾಕಿದ್ದನ್ನೆಲ್ಲ ಉಂಡರಂತೆ. ಕೊನೆಗೊಂದು ತಕರಾರು: ‘ಕರುವಿನ ಹಣೆಯಲ್ಲಿ ಬಿಳಿ ಬೊಟ್ಟು ಇದೆಯೋ ಇಲ್ಲವೋ, ನೀನು ಬರೆದೇ ಇಲ್ಲ.’

“ನೋಡ್ದ್ಯೇನೇ, ಅಷ್ಟೆಲ್ಲ ಬರ್ದು ಅದ್ನೇ ಬುಟ್ಬುಟ್ಟೆ,” ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ.

ತುರುಬಿನ ಪೆನ್ಸಿಲ್ ಕಿತ್ತುಕೊಂಡು ಕೊಟ್ಟಿಗೆಗೆ ನಡೆದೆ. ಅಷ್ಟು ಹೆಮ್ಮೆಯಿಂದ ನಾನು ಎಂದೂ ಸಗಣಿ ತುಳಿದವಳಲ್ಲ.