ಕೀ ತಪ್ಪಿಸಿದ ವೈರು

ಬ್ಯಾಟರಿ ಅಕ್ಕನ ಅಂಗಡಿಯ ಮುಂದೆ ಯಾವ ಗಾಡಿ ಹಾರ್ನ್ ಹೊಡೆದರೂ ಒಳಗಿನ ಕೋಣೆಯಿಂದ ಒಂದೇ ಪ್ರಶ್ನೆ ಬರುತ್ತಿತ್ತು.

"ಬಂದ್ನಾ?"

"ಇಲ್ಲ ಅತ್ತೆ, ಗಿರಾಕಿ," ಎಂದು ಅಕ್ಕ ತಲೆಯೆತ್ತದೆ ಹೇಳುತ್ತಿದ್ದಳು.

ಬರಬೇಕಾದವನು ಅಕ್ಕನ ಗಂಡ. ಕಾರುಗಳ ವೈರಿಂಗ್ ಕೆಲಸದವನು. ಬ್ಯಾಟರಿ ತಲುಪಿಸಿ ಬರುತ್ತೇನೆಂದು ಒಂದು ಮಧ್ಯಾಹ್ನ ಹೋದ. ವ್ಯಾನು ಸೇತುವೆಯ ಮೇಲೆ ಸಿಕ್ಕಿತು. ಬಾಗಿಲು ತೆರೆದಿತ್ತು, ಹಾಡುಹಗಲಲ್ಲಿ ಹೆಡ್‌ಲೈಟು ಉರಿಯುತ್ತಿತ್ತು. ಹುಡುಕಿದವರಿಗೆ ಒಂಟಿ ಚಪ್ಪಲಿಯೂ ಸಿಗಲಿಲ್ಲ. ಹೊಳೆಗೆ ಬಿದ್ದ ಎಂದು ಊರು ತೀರ್ಮಾನಿಸಿ ಅದೇ ಹೊಳೆಯಲ್ಲಿ ಕೈತೊಳೆದುಕೊಂಡಿತು. ಅಕ್ಕನಿಗೆ ಅದು ಆಗಲಿಲ್ಲ. ಸತ್ತಿದ್ದರೆ ಅಳಬೇಕು, ಬಿಟ್ಟುಹೋಗಿದ್ದರೆ ಬೈಯಬೇಕು. ಯಾವುದೆಂದು ತಿಳಿಯದೆ ಎರಡನ್ನೂ ಗಂಟಲಲ್ಲೇ ಇಟ್ಟುಕೊಂಡು ಅವನ ಟೆಸ್ಟರನ್ನು ಕೈಗೆತ್ತಿಕೊಂಡಳು. ವರ್ಷಗಳೇ ಉರುಳಿದವು.

"ಅವರು ಹೋಗ್ಬಿಟ್ಟಿದಾರೆ ಅನ್ಸಲ್ವಾ ಅತ್ತೆ ನಿಮಗೆ?" ಎಂದು ಒಮ್ಮೆ ಕೇಳಿದ್ದಕ್ಕೆ ಮುದುಕಿ, "ಸತ್ತಿದ್ರೆ ದೆವ್ವವಾಗಿಯಾದ್ರೂ ಇಷ್ಟೊತ್ತಿಗೆ ಬಂದಿರ್ತಿದ್ದ ಕಣೇ," ಎಂದಿದ್ದಳು. ಅಂದು ಅಕ್ಕ ಹಿತ್ತಲ ಬಾಗಿಲಿನ ಚಿಲಕವನ್ನು ಎರಡೆರಡು ಸಲ ನೋಡಿ ಬಂದಳು.

ಅವಳು ಈ ಕೆಲಸ ಕಲಿತದ್ದೇ ಗಂಡನ ತಪ್ಪು ಹುಡುಕುತ್ತಾ. ವೈರು ಹೊಸೆಯುವಾಗ ಎಲ್ಲರೂ ಬಲಕ್ಕೆ ತಿರುಗಿಸಿದರೆ ಅವನು ಎಡಕ್ಕೆ. ಮೇಲೆ ಕೆಂಪು ಟೇಪು ಸುತ್ತಿ ಅದರ ತುದಿಯನ್ನು ನಾಯಿಮರಿಯ ಕಿವಿಯಂತೆ ಮಡಚಿಡಬೇಕು. ಅದಾದರೂ ಸರಿ. ಆದರೆ ಗಾಡಿಗೆ ಹೊಸದಾಗಿ ಏನೇ ಹಾಕಲಿ, ಲೈನನ್ನು ಕೀ ಮೂಲಕ ತರದೆ, ಫ್ಯೂಸೂ ಇಲ್ಲದೆ ನೇರ ಬ್ಯಾಟರಿಗೇ ಕಟ್ಟಿಬಿಡುತ್ತಿದ್ದ.

"ಕೀ ತೆಗೆದ್ರೂ ಕರೆಂಟು ಹೋಗ್ತಾ ಇರತ್ತಲ್ರೀ!"

"ಹೋಗ್ಲಿ ಬಿಡೆ. ಹೋಗೋದು ಅದರ ಸ್ವಭಾವ."

ಹೋಗುವುದು ಯಾರ ಸ್ವಭಾವವೆಂದು ಆಮೇಲೆ ತಾನೇ ಗೊತ್ತಾದದ್ದು!

ಗಾಳಿಯಾಡದ ಒಂದು ಮಧ್ಯಾಹ್ನ ಅದೇ ಬೀದಿಯ ಹಲ್ಲಿನ ಡಾಕ್ಟರು ತಮ್ಮ ಕಾರನ್ನು ತಳ್ಳಿಸಿಕೊಂಡು ಬಂದರು. ಬೇರೆಯವರ ಬಾಯಿ ತೆರೆಸುವ ಮನುಷ್ಯ, ತನ್ನ ಬಾಯಿ ತೆರೆಯಲು ಅಂಜುತ್ತಿದ್ದರು.

"ಅಕ್ಕಾ, ನಗಬೇಡಿ. ಕಾರಲ್ಲಿ ಯಾರೋ ಇದಾರೆ."

"ಬಾಡಿಗೆ ಕೊಡ್ತಾರಾ ಡಾಕ್ಟ್ರೇ?"

"ತಮಾಷೆಯಲ್ಲ! ಬೀಗ ಹಾಕಿದ ಗ್ಯಾರೇಜಲ್ಲಿ ತಾನಾಗೇ ನರಳತ್ತೆ. ಸೀಟಿನ ಕೆಳಗೆ ಸಣ್ಣಗೆ ಬೆಳಕು. ಹೊಸ ಬ್ಯಾಟರಿ ಹಾಕಿದ್ರೂ ಹೆಣದ ಥರ ಬಿದ್ಕೊಳತ್ತೆ. ನಮ್ಮನೆಯವಳಂತೂ ಹತ್ತೋದೇ ಇಲ್ಲ."

ಅಕ್ಕ ಬೇರೆ ಬ್ಯಾಟರಿ ಇಟ್ಟು ಎಂಜಿನ್ ಎಬ್ಬಿಸಿ ಮೀಟರ್ ಹಿಡಿದಳು. ಹದಿನಾಲ್ಕು ವೋಲ್ಟು; ಚಾರ್ಜಿಂಗ್ ಸರಿಯಿದೆ. ಎಂಜಿನ್ ಆರಿಸಿ, ಕೀಯನ್ನು ಡಾಕ್ಟರ ಜೇಬಿಗೇ ಹಾಕಿಸಿ, ನೆಗೆಟಿವ್ ವೈರನ್ನು ಬಿಚ್ಚಿ ನಡುವೆ ಮೀಟರ್ ಕೊಟ್ಟಳು. ಮಲಗಿದ ಕಾರು ಕರೆಂಟು ಕುಡಿಯುತ್ತಿತ್ತು. ಡಾಕ್ಟರು ಹಲ್ಲು ಕೀಳುವಷ್ಟೇ ಜಾಗ್ರತೆಯಿಂದ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತಳು. ಎಲ್ಲ ಕಿತ್ತರೂ ಮೀಟರಿನ ಮುಳ್ಳು ಇಳಿಯಲಿಲ್ಲ.

ಅಂದರೆ ಫ್ಯೂಸನ್ನು ತಪ್ಪಿಸಿದ ಲೈನೊಂದು ಎಲ್ಲೋ ಇದೆ. ಸ್ಟಿಯರಿಂಗ್ ಕೆಳಗೆ ಕೈಹಾಕಿ ತಡಕಿದಳು. ಕಣ್ಣಿಗಿಂತ ಮೊದಲು ಬೆರಳಿಗೆ ಸಿಕ್ಕಿತು, ಮಡಚಿದ ಒಂದು ಕಿವಿ. ಬಗ್ಗಿ ನೋಡಿದಳು. ಕೆಂಪು ಟೇಪು. ಇನ್ನೊಂದು ಬದಿಯಲ್ಲಿ ತುಸು ಸರಿಸಿದಳು. ಎಡ ತಿರುವು. ಟೇಪಿನ ಅಂಟು ಇನ್ನೂ ಹಸಿಯಾಗಿತ್ತು. ಕಾರಾದರೋ ಹೋದ ವರ್ಷ ಕೊಂಡದ್ದು.

"ಇದನ್ನ ಯಾರು ಕಟ್ಟಿದ್ದು ಡಾಕ್ಟ್ರೇ?"

"ಅದಾ? ಹೋದ ತಿಂಗಳು ಪ್ರಯಾಣದಲ್ಲಿ ಹಾರ್ನ್ ಕೆಟ್ಟಿತ್ತು. ದಾರೀಲೊಂದು ಶೆಡ್ಡು, ಅಲ್ಲೊಬ್ಬ ಹಾರ್ನು, ಸೀಟಿನ ಲೈಟು ಎಲ್ಲ ಹಾಕ್ದ. ಯಾವೂರು ಅಂದ. ಯಾವ ಬೀದಿ ಅಂದ. ಹೇಳಿದ ಮೇಲೆ ಕೈಲಿದ್ದ ಟೇಪು ಕೆಳಗಿಟ್ಟ. ಆಮೇಲೆ ಕಟ್ಟಿದ್ದನ್ನೆಲ್ಲ ಬಿಚ್ಚಿ ಮತ್ತೆ ಬೇರೆ ಥರ ಕಟ್ಟಿದ."

"ಏನಾದ್ರೂ ಅಂದ್ರಾ?"

"'ಬ್ಯಾಟರಿ ಇಳಿಯತ್ತೆ. ನಿಮ್ಮ ಬೀದೀಲಿ ಒಬ್ರಿದಾರೆ, ಅವರಿಗೇ ತೋರಿಸಿ' ಅಂದ. ಹುಚ್ಚ ಅನ್ಕೊಂಡೆ. ಹೆಬ್ಬೆರಳಲ್ಲಿ ಉಗುರೇ ಇರ್ಲಿಲ್ಲ, ಪಾಪ."

ಬ್ಯಾಟರಿಯ ಆಸಿಡ್ ತಿಂದ ಉಗುರು. ತಿಂಗಳುಗಟ್ಟಲೆ ಮುಲಾಮು ಹಚ್ಚಿದವಳು ಅಕ್ಕನೇ.

ಆಗ, ಯಾರೂ ಮುಟ್ಟದೆ, ಕೀ ಡಾಕ್ಟರ ಜೇಬಿನಲ್ಲಿರುವಾಗಲೇ, ಹಾರ್ನು ನರಳಿತು. ಉದ್ದಕ್ಕೆ, ಬಾವಿಯ ತಳದಿಂದ ಕರೆದಂತೆ.

"ಬಂದ್ನಾ?" ಎಂದಿತು ಒಳಗಿನ ದನಿ.

ಇಷ್ಟು ವರ್ಷ ತುದಿನಾಲಗೆಯಲ್ಲೇ ಇದ್ದ 'ಇಲ್ಲ' ಹೊರಡಲಿಲ್ಲ. ಅಕ್ಕ ಕಟಿಂಗ್ ಪ್ಲೇಯರ್ ತೆಗೆದುಕೊಂಡು ಆ ಗಂಟಿನ ಎರಡೂ ಬದಿ ಕತ್ತರಿಸಿದಳು. ನರಳಾಟ ಅರ್ಧಕ್ಕೇ ನಿಂತಿತು. ಮೀಟರಿನ ಮುಳ್ಳು ಸೊನ್ನೆಗೆ ಬಂದು ಮಲಗಿತು. ಲೈನನ್ನು ಫ್ಯೂಸಿಗೆ ಕೊಟ್ಟು, ಕೀ ಮೂಲಕ ತಂದು, ಬಲಕ್ಕೆ ಹೊಸೆದು, ಕಪ್ಪು ಟೇಪು ಸುತ್ತಿದಳು. ಕಿವಿ ಮಡಚಲಿಲ್ಲ.

"ಆ ಕಡೆ ಮತ್ತೆ ಹೋಗ್ತೀರಾ ಡಾಕ್ಟ್ರೇ?"

"ಹೋಗ್ಬಹುದು. ಯಾಕೆ?"

"ಹೋದ್ರೆ ಆ ಮನುಷ್ಯನಿಗೆ ಹೇಳಿ. ತೋರಿಸಿದೆ, ಅವರು ಲೈನ್ ಕಟ್ ಮಾಡಿದ್ರು ಅಂತ."

ಕಾರು ಹೋದ ಮೇಲೆ ತಿರುಗಿದರೆ, ಗೋಡೆ ಹಿಡಿಯದೆ ಹೆಜ್ಜೆಯಿಡಲಾರದ ಅತ್ತೆ ಬೆಂಚಿನ ಪಕ್ಕದಲ್ಲಿ ನಿಂತಿದ್ದಳು. ಯಾವಾಗ ಬಂದಳೋ! ಕತ್ತರಿಸಿದ ಗಂಟು ಅವಳ ಅಂಗೈಯಲ್ಲಿತ್ತು. ಹೆಬ್ಬೆರಳು ಆ ಕಿವಿಯನ್ನು ಸವರುತ್ತಿತ್ತು.

"ಬದುಕಿದಾನೆ," ಅಂದಳು.

"ಹೂಂ."

"ಹಾಗಿದ್ರೆ ಬರಲ್ಲ ಬಿಡು."

ಆಮೇಲೆ ಅಕ್ಕ ಬೈಯಲು ಶುರುಮಾಡಿದಳು. ಗಂಟಲಲ್ಲಿ ಕೂಡಿಟ್ಟದ್ದೆಲ್ಲ ಒಂದೂ ಉಳಿಯದಂತೆ ಹೊರಗೆ ಬಂತು. ಅತ್ತೆ ನಡುನಡುವೆ ಮರೆತದ್ದನ್ನು ನೆನಪಿಸಿಕೊಟ್ಟಳು.

ಈಗ ಹಾರ್ನ್ ಕೇಳಿದರೆ ಒಳಗಿನಿಂದ ಪ್ರಶ್ನೆ ಬರುವುದಿಲ್ಲ. ಅಕ್ಕ ಮಾತ್ರ ತಲೆಯೆತ್ತಿ ನೋಡುತ್ತಾಳೆ.