ಹೂಬಳ್ಳಿ ಇಲ್ಲದ ಕುಸುರಿ

“ಒಂದು ಹೂವಿಲ್ಲ, ಬಳ್ಳಿ ಇಲ್ಲ. ಕುಸುರಿ ಕೆಲಸದ ಕಪಾಟು ಅಂದಿದ್ರಲ್ರೀ?”

ಬೆಳಗಾವಿಯ ಗಂಡನ ಮನೆಯಲ್ಲಿ ನೆಂಟರೆದುರೇ ಅತ್ತೆ ಕೇಳಿಬಿಟ್ಟರು. ಬಡಿಗನಾದ ಅಪ್ಪ ನನ್ನ ಮದುವೆಗೆಂದು ತಾನೇ ಮಾಡಿ, ಖಾನಾಪುರದಿಂದ ಲಾರಿಯಲ್ಲಿ ತಂದ ಸಾಗವಾನಿ ಕಪಾಟದು. ನಾನು ತಲೆ ತಗ್ಗಿಸಿದೆ. ಅಪ್ಪ ನಕ್ಕು, ಕೆಳಗಿನ ಡ್ರಾವರನ್ನು ಹೊರಗೆಳೆದ.

“ಅಕ್ಕಾರ, ಇದನ್ನ ಒಳಗ ನೂಕ್ರಿ.”

ಅತ್ತೆ ನೂಕಿದರು. ಯಾರೂ ಮುಟ್ಟದೆಯೇ ಮೇಲಿನ ಡ್ರಾವರ್ ಹೊರಗೆ ಬಂತು! ಅತ್ತೆ ಹೌಹಾರಿ ಹಿಂದೆ ಸರಿದರು. ಗಾಳಿ ಸೋರಲೂ ಸಂದಿಲ್ಲದಂತೆ ಅಪ್ಪ ಹಲಗೆ ಕೂಡಿಸಿದ್ದ. ಒಳಗಿನ ಗಾಳಿಯೇ ಮೇಲಿನದನ್ನು ದಬ್ಬಿತ್ತು.

ಎಪ್ಪತ್ತರ ದಶಕದ ಮಾತಿದು. ಅಂದು ಸಂಜೆಯೊಳಗೆ ಓಣಿಯ ಹೆಂಗಸರೆಲ್ಲ ಸರದಿಯಲ್ಲಿ ಬಂದು ಆ ಡ್ರಾವರ್ ನೂಕಿದರು. ಕಪಾಟಿನ ಬಾಜೂಕ ನಿಂತು “ನಮ್ಮ ಬೀಗರ ಕುಸುರಿ ನೋಡ್ರಿ” ಎಂದು ಎಲ್ಲರನ್ನೂ ಕರೆದವರು ಅತ್ತೆಯೇ!