ಜಗಳಕ್ಕೆ ಕಾಯುತ್ತಿದ್ದ ಡಾಕ್ಟರು

ಅರವತ್ತರ ದಶಕದ ಹೆಬ್ಬಾಳದಲ್ಲಿ ನಮ್ಮ ಡಾಕ್ಟರು ಮಾರ್ಫಿನ್ ಚುಚ್ಚಿದ ಮನೆಯಿಂದ ಬೇಗ ಏಳುತ್ತಿರಲಿಲ್ಲ. “ಏದುಸಿರು ಇಳಿಸೋ ಔಷಧೀನೇ ಉಸಿರನ್ನೂ ನಿಲ್ಲಿಸ್ಬಿಡಬಹುದು, ಕಾಯ್ಬೇಕು ಕಣ್ರೀ” ಎನ್ನುತ್ತಿದ್ದರು. ಕಾಯುವುದೆಂದರೆ ರೋಗಿಯನ್ನು ಕೆಣಕುವುದು. ಜಗಳಕ್ಕೆ ಬಂದರೆ ಅಪಾಯವಿಲ್ಲ.

ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬಿ ನಮ್ಮಜ್ಜಿ ಒದ್ದಾಡಿದ ದಿನವೂ ಚುಚ್ಚಿದರು. ಏದುಸಿರು ಇಳಿಯಿತು, ಕಣ್ಣೂ ಮುಚ್ಚಿತು. ಡಾಕ್ಟರು ಅವಳ ಎದೆಯನ್ನೇ ನೋಡುತ್ತ ಕೂಗಿದರು: “ಅಮ್ಮಾ, ನಿಮ್ ತೋಟದ ಸೀಬೆ ಬರೀ ಬೀಜ!”

ನಮ್ಮಮ್ಮ ತಂದ ಕಾಫಿಯನ್ನು ಪಕ್ಕಕ್ಕಿಟ್ಟು ಮತ್ತೆ ಕೂಗಿದರು.

ಅಜ್ಜಿ ಕಣ್ಣು ತೆರೆಯದೆಯೇ ಗೊಣಗಿದಳು: “ಬರೀ ಬೀಜ ಅನ್ನೋನು ವಾರ್ವಾರ ಚೀಲ ತುಂಬ್ಕೊಂಡು ಯಾಕಪ್ಪ ಓಗ್ತೀಯ?”

ಡಾಕ್ಟರು ಗಹಗಹಿಸಿ ನಕ್ಕು, ಆರಿದ ಕಾಫಿ ಕುಡಿದರು. ಸಂಜೆ ಹೊರಟಾಗ ಅವರ ಚೀಲ ತುಂಬಿಯೇ ಇತ್ತು.